ನಡುಮನೆಯಲ್ಲಿ ಜೀವಶಾಸ್ತ್ರದ ಪಾಠ

ಪರೀಕ್ಷೆ ಬಂತೆಂದರೆ ಅದು ಮಕ್ಕಳಿಗೆ ಮಾತ್ರ ಅಂತ ಯಾರು ಹೇಳಿದರು? ಮನೆಯಲ್ಲಿ ಎರಡನೇ ಪಿ.ಯು.ಸಿ. ಓದುವ ಮಗುವೊಂದಿದ್ದರೆ ಟಿ.ವಿ. ಬಂದ್, ನೆಂಟರು ಬಂದ್, ಒಗ್ಗರಣೆಯ ಸದ್ದೂ ಸಣ್ಣದಾಗಬೇಕು! ತಾಯಿಯಾದವಳು ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಓಡಾಡಬೇಕು. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ?

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಮಗಳ ಓದಿಗೆ ನನ್ನಿಂದೇನು ಸಹಾಯ ಆದೀತು, ಹೊತ್ತಿಗೆ ಸರಿಯಾಗಿ ಕಾಫಿ, ತಿಂಡಿ ಕೊಟ್ಟರೆ ಸಾಕು ಅಂದುಕೊಂಡಿದ್ದವಳು ನಾನು. ಆದರೆ 2025ರ ಸಂಕ್ರಾಂತಿಯಿಂದ ಮಾರ್ಚ್ ಪರೀಕ್ಷೆಯವರೆಗೆ ನಮ್ಮ ನಡುಮನೆಯಲ್ಲಿ ನಾಲ್ಕು ಹುಡುಗಿಯರು ಕೂತು ಜೀವಶಾಸ್ತ್ರ ಓದಿದರಲ್ಲ, ಆ ಓದಿನಿಂದ ನನಗೂ ನಮ್ಮತ್ತೆಯವರಿಗೂ ಆದ ಲಾಭವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕು ಅನ್ನಿಸಿದೆ.

ನಮ್ಮದು ತಿಪಟೂರು ಸೀಮೆಯ ಒಂದು ಚಿಕ್ಕ ಊರು. ಹುಡುಗಿಯರು ನಾಲ್ವರು ಅಂದೆನಲ್ಲ, ಒಬ್ಬಳು ನನ್ನ ದೊಡ್ಡ ಮಗಳು. ಇನ್ನೊಬ್ಬಳು ಪೇಟೆಬೀದಿಯ ಹೂವಿನ ಅಂಗಡಿಯವರ ಮಗಳು. ಮೂರನೆಯವಳು ನಿವೃತ್ತ ಮೇಷ್ಟ್ರೊಬ್ಬರ ಮೊಮ್ಮಗಳು. ನಾಲ್ಕನೆಯವಳು ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ, ಹಾಗಾಗಿ ಭಾನುವಾರವೂ ಬರಲು ಅವಳ ಮನೆಯವರು ಬೇಡ ಅನ್ನಲಿಲ್ಲ. "ಹೆಸರು ಮಾತ್ರ ಹಾಕ್ಬೇಡಿ ಆಂಟಿ" ಅಂತ ನಾಲ್ವರೂ ಹೇಳಿದ್ದಾರೆ. ಹಾಗಾಗಿ ಹೆಸರಿಲ್ಲದೆಯೇ ಹೇಳುತ್ತೇನೆ.

ಮೊದಲ ವಾರ ಓದಲ್ಲ, ಬರೀ ಹರಟೆ

ನಾಲ್ವರೂ ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಕೂಡಲೇ ಎಲ್ಲವೂ ಇಂಗ್ಲಿಷು! ಜೀವಶಾಸ್ತ್ರದ ಪುಸ್ತಕದಲ್ಲಿ ಹದಿಮೂರು ಪಾಠ. ಒಂದೊಂದು ಪಾಠದಲ್ಲೂ ನಾಲಗೆ ತಿರುಗದ ಹೆಸರುಗಳು. ಲಿಖಿತ ಪರೀಕ್ಷೆಗೆ 70 ಅಂಕ, ಪ್ರಾಯೋಗಿಕಕ್ಕೆ 30 ಅಂಕ. ಒಬ್ಬಳೇ ಓದಿದರೆ ನಿದ್ದೆ ಬರುತ್ತದೆ, ಜೊತೆಯಲ್ಲಿ ಓದಿದರೆ ಧೈರ್ಯ ಅಂತ ನಾಲ್ವರೂ ಸೇರಿದರು.

ಸೇರಿದ್ದೇನೋ ಸರಿ. ಮೊದಲ ವಾರ ನಾನು ಅಡುಗೆಮನೆಯಿಂದ ಗಮನಿಸುತ್ತಲೇ ಇದ್ದೆ. ನಾಲ್ವರೂ ಅವರವರ ಪುಸ್ತಕ ಬಿಚ್ಚಿಕೊಂಡು ಅರ್ಧ ಗಂಟೆ ಗುಣುಗುಣು ಅನ್ನುವುದು. ಆಮೇಲೆ ಯಾರೋ ಒಬ್ಬಳು ಏನೋ ಅನ್ನುವುದು, ಕಿಸಕ್ಕನೆ ನಗು. ಅಲ್ಲಿಂದ ಮುಂದೆ ಕಾಲೇಜಿನ ಸುದ್ದಿ, ಮದುವೆಮನೆಯ ಸುದ್ದಿ. ಮೊಬೈಲು ಒಂದು ಸಲ ಕೈಗೆ ಬಂತೋ ಮುಗಿಯಿತು! ಎದ್ದು ಹೋಗುವಾಗ ಮಾತ್ರ "ಇವತ್ತು ತುಂಬಾ ಓದಿದ್ವಿ ಆಂಟಿ" ಅನ್ನುವುದು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಹುರಿಗಾಳಿನ ತಟ್ಟೆ ಇಡುತ್ತಾ, "ಏನ್ರೇ ಓದಿದ್ದು ಇವತ್ತು? ನನಗೂ ಸ್ವಲ್ಪ ಹೇಳಿ" ಅಂದೆ. ಹೂವಿನ ಅಂಗಡಿಯವರ ಮಗಳು ಉಸಿರು ಬಿಡದೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಒಪ್ಪಿಸಿದಳು. "ಅದು ಸರಿಯಮ್ಮ, ಹಂಗಂದ್ರೇನು ಅಂತ ಕನ್ನಡದಲ್ಲಿ ಹೇಳು" ಅಂದೆ. ಬಾಯಿ ಕಟ್ಟಿಹೋಯಿತು. ಉಳಿದ ಮೂವರ ಮುಖ ನೋಡಿದೆ. ಅವರೂ ಚಾಪೆ ನೋಡುತ್ತಿದ್ದರು.

ಸಂಜೆ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದ ಮೇಷ್ಟ್ರಿಗೆ ಈ ವಿಷಯ ಹೇಳಿದೆ. ಅವರು ನಕ್ಕರು. "ಪುಸ್ತಕ ತೆರೆದಿಟ್ಟುಕೊಂಡು ಓದಿದರೆ ಎಲ್ಲವೂ ಗೊತ್ತಿದೆ ಅನ್ನಿಸುತ್ತಮ್ಮ. ಮುಚ್ಚಿದಾಗಲೇ ಗೊತ್ತಿಲ್ಲದ್ದು ಗೊತ್ತಾಗೋದು. ಒಬ್ಬರು ಪ್ರಶ್ನೆ ಕೇಳಲಿ, ಒಬ್ಬರು ಪುಸ್ತಕ ಮುಚ್ಚಿ ಹೇಳಲಿ" ಅಂದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗವನ್ನೂ ಹೇಳಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರಂತೆ. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆದರಂತೆ. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದು. ಆದರೆ ವಾರ ಬಿಟ್ಟು ಕೊಟ್ಟಾಗ ಮುಚ್ಚಿ ಬರೆದವರೇ ಮುಂದು! ನಮ್ಮ ಮಕ್ಕಳು ಬರೆಯುವ ಪರೀಕ್ಷೆ ಐದು ನಿಮಿಷದ್ದಲ್ಲ, ತಿಂಗಳು ಬಿಟ್ಟು ಬರುವಂಥದ್ದು ತಾನೆ?

ಕಡಲೆಕಾಳು, ಸಾಸಿವೆ, ತೆಂಗಿನಕಾಯಿ

ಮಾರನೇ ದಿನದಿಂದ ಕಾನೂನು ಬದಲಾಯಿತು. ಮೊಬೈಲುಗಳೆಲ್ಲ ದೇವರಮನೆಯ ಪಕ್ಕದ ಬುಟ್ಟಿಗೆ. ಪ್ರಶ್ನೆ ಕೇಳುವವಳು ನಾನೇ! ಇಂಗ್ಲಿಷು ಅಕ್ಷರ ಕೂಡಿಸಿ ಓದಲು ನನಗೆ ಬರುತ್ತದೆ. ನಾನು ತಡವರಿಸಿ ಓದಿದಾಗ ಅವರಿಗೆ ನಗು. ನಗಲಿ ಬಿಡಿ, ನಗುವಿನ ಜೊತೆಗೆ ಆ ಹೆಸರೂ ನೆನಪಿನಲ್ಲಿ ಉಳಿಯಿತು. ನಿಯಮ ಒಂದೇ. ಮೊದಲು ನನಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಬೇಕು. ಆಮೇಲೆ ಪರೀಕ್ಷೆಗೆ ಬೇಕಾದ ಇಂಗ್ಲಿಷಿನಲ್ಲಿ ಬರೆಯಬೇಕು.

ಹೂವಿನೊಳಗೆ ಬೀಜವಾಗುವ ಪಾಠ ಎಲ್ಲರಿಗೂ ಕಷ್ಟವಾಗಿತ್ತು. ಹೂವಿನ ಅಂಡಾಣುವಿರುವ ಚೀಲದಲ್ಲಿ ಏಳು ಜೀವಕೋಶ, ಎಂಟು ನ್ಯೂಕ್ಲಿಯಸ್ ಅಂತೆ. "ಏಳು ಹೆಂಗೆ, ಎಂಟು ಹೆಂಗೆ?" ಅಂತ ಕೇಳಿದೆ. ಹಳ್ಳಿಯ ಹುಡುಗಿ ಎದ್ದು ಹೋಗಿ ಒಂದು ತಟ್ಟೆಯಲ್ಲಿ ಎಂಟು ಕಡಲೆಕಾಳು ತಂದಳು. ಕೆಳಗೆ ಮೂರು, ಮೇಲೆ ಮೂರು, ನಡುವೆ ಎರಡು ಇಟ್ಟಳು. "ಕೆಳಗಿನ ಮೂರರಲ್ಲಿ ನಡುವಿನದು ಅಂಡ, ಪಕ್ಕದವೆರಡು ಅದರ ಗೆಳತಿಯರು. ನಡುಮನೆಯಲ್ಲಿರೋ ಎರಡು ಒಂದೇ ಕೋಣೇಲಿ ಇವೆ ಆಂಟಿ. ಅದಕ್ಕೇ ಕೋಣೆ ಏಳು, ಕಾಳು ಎಂಟು" ಅಂದಳು. ಆಮೇಲೆ ಎರಡು ಸಾಸಿವೆ ಕಾಳು ತಂದಳು. ಅವು ಪರಾಗದಿಂದ ಬಂದ ಗಂಡು ಕಣಗಳು. ಒಂದು ಸಾಸಿವೆ ಅಂಡಕ್ಕೆ ಸೇರಿದರೆ ಭ್ರೂಣ. ಇನ್ನೊಂದು ನಡುವಿನ ಎರಡು ಕಡಲೆಗೆ ಸೇರಿದರೆ ಮೂರಾಯಿತು, ಅದೇ ಭ್ರೂಣಕ್ಕೆ ಊಟ!

"ಆ ಊಟ ಎಲ್ಲಿ ಕಾಣತ್ತೆ?" ಅಂದೆ. "ನಾವು ದಿನಾ ತುರಿಯೋದೇ ಅದು" ಅಂದಳು ನನ್ನ ಮಗಳು. ಎಳನೀರಿನಲ್ಲಿ ಗೋಡೆಯಿಲ್ಲದ ಸಾವಿರಾರು ನ್ಯೂಕ್ಲಿಯಸ್ಸುಗಳು ತೇಲುತ್ತಿರುತ್ತವಂತೆ. ಬಿಳೀ ತಿರುಳಿನಲ್ಲಿ ಜೀವಕೋಶಗಳು ಗೋಡೆ ಕಟ್ಟಿಕೊಂಡು ಸಾಲಾಗಿ ಕೂತಿರುತ್ತವಂತೆ. ಎರಡೂ ಕೂಸಿಗಾಗಿ ತಾಯಿಮರ ಕಟ್ಟಿಕೊಟ್ಟ ಬುತ್ತಿ. ಕೂಸು ಇರುವುದು ಕಾಯಿಯ ಕಣ್ಣಿನ ಕೆಳಗೆ, ಒಂದಿಷ್ಟೇ ಇಷ್ಟು. ಕೊಬ್ಬರಿಯಿಂದಲೇ ಬದುಕುವ ಸೀಮೆಯವಳು ನಾನು. ಇಷ್ಟು ವರ್ಷ ಕಾಯಿ ಒಡೆದೆ, ತುರಿದೆ, ಈ ವಿಷಯ ಗೊತ್ತೇ ಇರಲಿಲ್ಲ ನೋಡಿ!

ಅವರೆಕಾಯಿಯ ಕಾಲ ಬೇರೆ. ಹಿದುಕಿದ ಬೇಳೆ ಸಾರಿಗೆಂದು ನೆನೆಸಿದ ಕಾಳು ಹಿದುಕುತ್ತಾ ಕೂತಿದ್ದೆ. ಮೇಷ್ಟ್ರ ಮೊಮ್ಮಗಳು ಒಂದು ಕಾಳು ತೆಗೆದುಕೊಂಡು, "ಇಲ್ನೋಡಿ, ಇದು ತದ್ವಿರುದ್ಧ. ಇದರ ಕೂಸು ಬುತ್ತೀನ ಕಾಯಿ ಬಲಿಯೋ ಹೊತ್ತಿಗೇ ತಿಂದು ಮುಗಿಸಿ, ಈ ಎರಡು ಬೇಳೇಲಿ ತುಂಬಿಟ್ಕೊಂಡಿದೆ" ಅಂದಳು. ಅಂದಿನಿಂದ ಆ ನಾಲ್ವರಲ್ಲಿ ಯಾರೂ ತೆಂಗಿಗೂ ಅವರೆಗೂ ಇರುವ ವ್ಯತ್ಯಾಸ ಮರೆಯಲಿಲ್ಲ. ಹೆಪ್ಪು ಹಾಕುವಾಗ ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಪಾಠ, ಇಡ್ಲಿ ಹಿಟ್ಟು ಉಕ್ಕಿ ಬಂದಾಗ ಅದರೊಳಗಿನ ಗಾಳಿಯ ಪಾಠ, ಹೀಗೆ ಅಡುಗೆಮನೆಯಲ್ಲೇ ಅರ್ಧ ಪಾಠ ಮುಗಿಯಿತು ಅನ್ನಿ.

ಹಾರಿಸಿ ಬಿಟ್ಟ ಪಾಠಗಳು

ಆದರೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಮೊದಲನೇ ಪಾಠ, ಹೂವಿನದು, ಮುಗಿಯಿತು. ಅಲ್ಲಿಂದ ನೆಟ್ಟಗೆ ನಾಲ್ಕನೇ ಪಾಠಕ್ಕೆ ಹಾರಿದರು! "ಎರಡು, ಮೂರು ಏನಾಯ್ತ್ರೇ?" ಅಂದರೆ "ಅದನ್ನ ಮನೇಲಿ ಓದ್ಕೊತೀವಿ ಆಂಟಿ" ಅಂತ ತಲೆ ತಗ್ಗಿಸಿದರು. ನಾನು ಪುಸ್ತಕ ತಿರುವಿ ನೋಡಿದೆ. ಎರಡನೆಯದು ಮನುಷ್ಯರ ಸಂತಾನೋತ್ಪತ್ತಿ. ಮೂರನೆಯದು ಅದಕ್ಕೆ ಸಂಬಂಧಪಟ್ಟ ಆರೋಗ್ಯ.

ನನಗೆ ನನ್ನ ಹೈಸ್ಕೂಲಿನ ದಿನಗಳು ನೆನಪಾದವು. 1990ರ ದಶಕದ ಮಾತು. ಆ ಪಾಠ ಬಂದ ದಿನ ನಮ್ಮ ಟೀಚರು "ಇದನ್ನು ನೀವೇ ಓದಿಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋದರು. ನಾವು ಓದಿಕೊಳ್ಳಲೂ ಇಲ್ಲ, ಕೇಳಲೂ ಇಲ್ಲ. ಮದುವೆಯಾಗಿ, ಬಸಿರಾಗಿ, ಹೆತ್ತ ಮೇಲೂ ನನ್ನ ಮೈಯೊಳಗೆ ಏನು ನಡೆಯುತ್ತದೆಂದು ಸರಿಯಾಗಿ ಹೇಳಿದವರಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಹೀಗೇ ಆಗಿದೆಯೋ ನಾನು ಬಲ್ಲೆ.

ಹುಡುಗಿಯರು ಹಾರಿಸಿದ್ದಕ್ಕೆ ಕಾರಣ ನಡುಮನೆಯ ಕಂಬಕ್ಕೊರಗಿ ಕೂತಿದ್ದರು. ನಮ್ಮತ್ತೆಯವರು! ಎಪ್ಪತ್ತು ದಾಟಿದ ಜೀವ. ದಿನಾ ಅಲ್ಲೇ ಕೂತು ಹೂಬತ್ತಿ ಹೊಸೆಯುವುದು ಅವರ ಅಭ್ಯಾಸ. ಅವರೆದುರಿಗೆ ಗರ್ಭಕೋಶ, ಮುಟ್ಟು ಅಂತ ಬಾಯಿ ಬಿಡುವುದಾದರೂ ಹೇಗೆ? ಅವರನ್ನು ಎದ್ದು ಹೋಗಿ ಅನ್ನುವುದೂ ಆಗದ ಮಾತು. ರಾತ್ರಿ ಊಟ ಬಡಿಸುವಾಗ ಮೆಲ್ಲಗೆ ಹೇಳಿದೆ. "ಅತ್ತೆ, ಮಕ್ಕಳಿಗೆ ಎರಡು ಪಾಠ ಇದೆ. ಹೆರಿಗೆ, ಬಸಿರು, ಮುಟ್ಟು ಇವೆಲ್ಲ ಬರತ್ತೆ. ನಿಮ್ಮೆದುರು ಓದೋಕೆ ನಾಚ್ಕೋತಾವೆ. ಆದರೆ ಅದರ ಮೇಲೂ ಪ್ರಶ್ನೆ ಬರತ್ತೆ."

ಅವರು ಅನ್ನ ಕಲಸುವುದು ನಿಲ್ಲಿಸಿ ನನ್ನನ್ನು ನೋಡಿದರು. "ಏಳು ಹೆತ್ತೋಳು ನಾನು. ನನಗೆ ಯಾತರ ನಾಚಿಕೆ? ಓದ್ಕೊಳ್ಳಕ್ಕೆ ಹೇಳು" ಅಂದರು. ಅಷ್ಟೇ! ನಾನು ಹೆದರಿದ್ದೇ ಹೆದರಿದ್ದು.

ಮಾರನೇ ದಿನ ಆ ಪಾಠಗಳು ಶುರುವಾದವು. ಮೊದಲ ಹತ್ತು ನಿಮಿಷ ಪಿಸುಮಾತು. ಆಮೇಲೆ ಚಿತ್ರ ಬರೆದು ಹೆಸರು ಗುರುತಿಸುವ ಪಂದ್ಯ ಕಟ್ಟಿದರು. ಪಂದ್ಯದ ಭರದಲ್ಲಿ ನಾಚಿಕೆ ಎಲ್ಲಿ ಹೋಯಿತೋ! ಭ್ರೂಣದ ಲಿಂಗ ಪತ್ತೆ ಮಾಡಿಸುವುದು 1994ರ ಕಾಯ್ದೆಯಂತೆ ಅಪರಾಧ ಎಂಬುದನ್ನು ಓದಿದಾಗ ಮಾತ್ರ ನಾಲ್ವರೂ ಸ್ವಲ್ಪ ಹೊತ್ತು ಸುಮ್ಮನಾದರು.

ಕವಡೆ ಬಿದ್ದ ಹಾಗೆ

ನಾಲ್ಕನೆಯದು ವಂಶಪಾರಂಪರ್ಯದ ಪಾಠ. ಮೆಂಡಲ್ ಎಂಬ ಪಾದ್ರಿ 1856ರಿಂದ 1863ರವರೆಗೆ ಬಟಾಣಿ ಗಿಡ ಬೆಳೆದು, ಉದ್ದ ಗಿಡ, ಗಿಡ್ಡ ಗಿಡ, ಗುಂಡು ಕಾಳು, ಸುಕ್ಕು ಕಾಳು ಅಂತ ಲೆಕ್ಕವಿಟ್ಟು ಕಂಡುಹಿಡಿದ ನಿಯಮ. ಹದಿನಾರು ಮನೆಯ ಚೌಕವನ್ನು ಮಕ್ಕಳು ನಮ್ಮ ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ನೋಡಲು ಥೇಟ್ ಚುಕ್ಕಿ ರಂಗೋಲಿ.

ರಕ್ತದ ಗುಂಪಿನ ಲೆಕ್ಕಕ್ಕೆ ನಮ್ಮ ಮನೆಯೇ ಉದಾಹರಣೆ. ನಮ್ಮವರದು ಎ, ನನ್ನದು ಬಿ, ದೊಡ್ಡವಳದು ಓ, ಚಿಕ್ಕವಳದು ಎಬಿ. "ಅಪ್ಪಂದೂ ಬರಲಿಲ್ಲ, ಅಮ್ಮಂದೂ ಬರಲಿಲ್ಲ, ಇದ್ಯಾವ ಸೀಮೆ ರಕ್ತ?" ಅಂತ ನಮ್ಮತ್ತೆ ನಗೆಯಾಡುತ್ತಿದ್ದರು. ತಂದೆಯಲ್ಲೂ ತಾಯಿಯಲ್ಲೂ ಕಾಣದ ಹಾಗೆ ಅಡಗಿ ಕೂತ ಓ ಗುಣ ಎರಡೂ ಕಡೆಯಿಂದ ಬಂದು ಸೇರಿದರೆ ಮಗು ಓ ಆಗುತ್ತದೆ ಅಂತ ನನ್ನ ಮಗಳು ಚೌಕ ಬರೆದು ಅಜ್ಜಿಗೆ ತೋರಿಸಿದಳು. ಅಜ್ಜಿ ಬತ್ತಿ ಬದಿಗಿಟ್ಟು ಮುಂದಕ್ಕೆ ಬಂದು ಕೂತರು.

ಅದೇ ಹೊತ್ತಿಗೆ ನನ್ನ ಕೈಯಲ್ಲಿದ್ದ ಪ್ರಶ್ನೆಪಟ್ಟಿಯಲ್ಲಿ ಮುಂದಿನ ಪ್ರಶ್ನೆ ಬಂತು. ಮನುಷ್ಯರಲ್ಲಿ ಹೆಣ್ಣು ಗಂಡು ನಿರ್ಧಾರವಾಗುವುದು ಹೇಗೆ? ಹೆಣ್ಣು ಹುಟ್ಟಿದ್ದಕ್ಕೆ ತಾಯಿಯನ್ನು ದೂರುವುದು ಯಾಕೆ ತಪ್ಪು?

ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು. ಯಾಕೆ ಅಂತ ಹೇಳುತ್ತೇನೆ. ನನಗಿರುವುದು ಇಬ್ಬರೂ ಹೆಣ್ಣು. ಎರಡನೆಯವಳು ಹುಟ್ಟಿದಾಗ ಆಸ್ಪತ್ರೆಗೆ ಬಂದ ನಮ್ಮತ್ತೆ ತೊಟ್ಟಿಲ ಕಡೆ ನೋಡಿ "ನಿಂದು ಹೆಣ್ಣಿನ ಹೊಟ್ಟೆ" ಅಂದಿದ್ದರು. ಜಗಳದಲ್ಲಿ ಅಂದ ಮಾತಲ್ಲ ಅದು. ನಿಟ್ಟುಸಿರು ಬಿಟ್ಟು, ಇದ್ದದ್ದನ್ನು ಹೇಳಿದ ಹಾಗೆ ಅಂದದ್ದು. ನಾಮಕರಣಕ್ಕೆ ಬಂದವರಲ್ಲೂ ಅದೇ ಮಾತು. ನಮ್ಮವರು ಒಂದು ದಿನವೂ ನನ್ನನ್ನು ಅಂದವರಲ್ಲ. ಆದರೆ ಯಾರಾದರೂ ಅಂದಾಗ ತಡೆದವರೂ ಅಲ್ಲ. ಹನ್ನೆರಡು ವರ್ಷ ಆ ಮಾತು ನನ್ನೊಳಗೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೇಳಬೇಕಾದ್ದೆಂದರೆ, ಅದನ್ನು ನಾನೂ ನಂಬಿದ್ದೆ! ತಪ್ಪು ನನ್ನದೇ ಅಂತ.

ಉತ್ತರ ಹೇಳುವ ಸರದಿ ನನ್ನ ಮಗಳದ್ದು. ಅವಳು ಒಮ್ಮೆ ನನ್ನ ಕಡೆ, ಒಮ್ಮೆ ಅಜ್ಜಿಯ ಕಡೆ ನೋಡಿ ಸುಮ್ಮನಾದಳು. ಮಕ್ಕಳಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತೇವೆ, ಎಲ್ಲವೂ ಗೊತ್ತಿರುತ್ತದೆ. ಆಗ ಹಳ್ಳಿಯ ಹುಡುಗಿ "ನಾನು ಹೇಳ್ತೀನಿ ಆಂಟಿ" ಅಂದಳು. ಅವಳ ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ಅವಳು ಮೂರನೆಯವಳು.

ತಟ್ಟೆಯ ಕಡಲೆಕಾಳು ಸಾಸಿವೆಕಾಳನ್ನೇ ಎತ್ತಿಕೊಂಡಳು. "ಅಜ್ಜಿ, ಮನುಷ್ಯರ ಮೈಯಲ್ಲಿ ಇಪ್ಪತ್ತಮೂರು ಜೊತೆ ವರ್ಣತಂತು ಇರ್ತವೆ. ಅದ್ರಲ್ಲಿ ಒಂದು ಜೊತೆ ಹೆಣ್ಣೋ ಗಂಡೋ ಅಂತ ಹೇಳೋದು. ಹೆಂಗಸಲ್ಲಿ ಆ ಜೊತೆ ಎರಡೂ ಕಡಲೆಕಾಳು, ಅಂದ್ರೆ ಎಕ್ಸ್, ಎಕ್ಸ್. ಗಂಡಸಲ್ಲಿ ಒಂದು ಕಡಲೆ ಒಂದು ಸಾಸಿವೆ, ಎಕ್ಸ್, ವೈ. ಮಗೂಗೆ ಇಬ್ಬರೂ ಒಂದೊಂದು ಕೊಡ್ಬೇಕು. ತಾಯಿ ಏನು ಕೊಡ್ತಾಳೆ? ಅವಳ ಹತ್ರ ಇರೋದೇ ಕಡಲೆ. ಕಡಲೇನೇ ಕೊಡ್ತಾಳೆ. ತಂದೆಯಿಂದ ಕಡಲೆ ಬಂದ್ರೆ ಹೆಣ್ಣು, ಸಾಸಿವೆ ಬಂದ್ರೆ ಗಂಡು."

ನಡುಮನೆಯಲ್ಲಿ ಸದ್ದಿಲ್ಲ. ನಮ್ಮತ್ತೆ ತಟ್ಟೆಯನ್ನೇ ನೋಡುತ್ತಿದ್ದರು. ತುಂಬಾ ಹೊತ್ತಾದ ಮೇಲೆ, "ಹಂಗಾರೆ ತಪ್ಪು ಗಂಡಸಿಂದು ಅನ್ನು" ಅಂದರು.

"ಅವರದೂ ಅಲ್ಲ ಅಜ್ಜಿ. ಯಾವುದು ಹೋಗತ್ತೆ ಅಂತ ಅವರ ಕೈಲೂ ಇಲ್ಲ. ಪ್ರತಿ ಸಲವೂ ಅರ್ಧಕ್ಕರ್ಧ. ಮೊದಲು ಎರಡು ಹೆಣ್ಣಾಯ್ತು ಅಂತ ಮೂರನೇದು ಗಂಡೇ ಆಗ್ಬೇಕು ಅಂತಲೂ ಇಲ್ಲ, ಹೆಣ್ಣೇ ಆಗತ್ತೆ ಅಂತಲೂ ಇಲ್ಲ."

"ಕವಡೆ ಬಿದ್ದ ಹಾಗೆ ಅನ್ನು."

"ಹೂಂ ಅಜ್ಜಿ. ಕವಡೆ ಬಿದ್ದ ಹಾಗೆ."

ನಮ್ಮತ್ತೆ ಎದ್ದು ಒಳಗೆ ಹೋದರು. ನನಗೆ ಕೈಕಾಲು ಆಡಲಿಲ್ಲ. ಬೇಜಾರು ಮಾಡಿಕೊಂಡರೇನೋ ಅಂತ ಹಿಂದೆಯೇ ಹೋದೆ. ದೇವರಮನೆಯ ಮುಂದೆ ಕೂತಿದ್ದರು. ನನ್ನನ್ನು ನೋಡದೆಯೇ ಹೇಳಿದರು. "ನಿನ್ನ ಗಂಡ ಹುಟ್ಟೋಕೆ ಮುಂಚೆ ನನಗೆ ಮೂರು ಹೆಣ್ಣಾದ್ವು. ಮೂರನೇದಾದಾಗ ನಮ್ಮತ್ತೆ ಬಾಣಂತಿಗೆ ಬಿಸಿನೀರು ಕಾಯಿಸಿ ಕೊಡ್ಲಿಲ್ಲ. ನಾನೇ ಎದ್ದು ಕಾಯಿಸ್ಕೊಂಡೆ."

ಇಷ್ಟು ವರ್ಷದಲ್ಲಿ ಅವರು ನನಗೆ ಹೇಳದಿದ್ದ ಮಾತು ಅದು. ನನ್ನ ಹತ್ತಿರ ತಪ್ಪಾಯಿತು ಅಂತ ಅವರು ಹೇಳಲಿಲ್ಲ. ನಾನೂ ಅದನ್ನು ಬಯಸಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆವು. ಆಮೇಲೆ "ಮಕ್ಕಳಿಗೆ ಹೊತ್ತಾಯ್ತು, ಕಾಫಿ ಕೊಡು ಹೋಗು" ಅಂದರು.

ಮುಂದಿನ ತಿಂಗಳು ನಮ್ಮ ಬೀದಿಯಲ್ಲಿ ಒಬ್ಬ ಸೊಸೆಗೆ ಎರಡನೆಯದೂ ಹೆಣ್ಣಾಯಿತು. ಮಗು ನೋಡಲು ನಾವಿಬ್ಬರೂ ಹೋದೆವು. ಆ ಮನೆಯ ಯಜಮಾನಿ ಮುಖ ಸಣ್ಣದು ಮಾಡಿಕೊಂಡು "ಇದೂ ಹೆಣ್ಣೇ" ಅಂದರು. ನಮ್ಮತ್ತೆ ಥಟ್ಟನೆ, "ಅವಳನ್ಯಾಕೆ ಅಂತೀಯಾ? ಅವಳ ಹತ್ರ ಸಾಸಿವೆಕಾಳೇ ಇಲ್ಲ ಕಣೇ!" ಅಂದರು. ಆ ಯಜಮಾನಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದರು ನೋಡಿ, ನಮ್ಮ ಮಕ್ಕಳಿಗಿಂತ ಚೆನ್ನಾಗಿ!

ಇದನ್ನು ಕಂಡುಹಿಡಿದವರು ಯಾರು ಅಂತ ತಿಳಿಯುವ ಆಸೆಯಾಯಿತು. ಮೇಷ್ಟ್ರು ಒಂದು ಪುಸ್ತಕ ಕೊಟ್ಟರು. 1905ರಲ್ಲಿ ಹಿಟ್ಟಿನ ಹುಳುವನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಗಂಡಿನಿಂದ ಬರುವ ಕಣಗಳಲ್ಲೇ ಎರಡು ಬಗೆ ಇದೆ, ಹೆಣ್ಣು ಗಂಡು ನಿರ್ಧಾರವಾಗುವುದು ಅದರಿಂದಲೇ ಎಂದು ತೋರಿಸಿಕೊಟ್ಟವರಲ್ಲಿ ಒಬ್ಬರು ಹೆಂಗಸು, ಅಮೆರಿಕದ ನೆಟ್ಟೀ ಸ್ಟೀವನ್ಸ್. ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವರು. ದೊಡ್ಡ ಓದಿಗೆಂದು ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರಿಗೆ ಮೂವತ್ತೈದು ವರ್ಷ! ಓದಲು ವಯಸ್ಸಾಯಿತು ಅನ್ನುವ ನಮ್ಮಂಥವರು ನೆನಪಿಡಬೇಕಾದ ಹೆಸರು.

ನಿಮ್ಮ ಮನೆಯಲ್ಲೂ ಮಕ್ಕಳು ಸೇರಿ ಓದುವುದಾದರೆ

ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ. ಉಪಯೋಗವಾದರೆ ಇಟ್ಟುಕೊಳ್ಳಿ.

ಮೂವರೋ ನಾಲ್ವರೋ ಸಾಕು. ಐದಾರು ಜನ ಸೇರಿದರೆ ಅದು ಜಾತ್ರೆ. ಎಲ್ಲರೂ ಒಂದೇ ಮಟ್ಟದವರಾಗಬೇಕಿಲ್ಲ. ಚೆನ್ನಾಗಿ ಬಲ್ಲವಳು ಬಾರದವಳಿಗೆ ಹೇಳಿಕೊಟ್ಟಾಗ ಇಬ್ಬರಿಗೂ ಗಟ್ಟಿಯಾಗುತ್ತದೆ.

ಮನೆಯಲ್ಲಿ ಒಬ್ಬೊಬ್ಬರೇ ಓದಿಕೊಂಡು ಬರಲಿ. ಸೇರಿದಾಗ ಪುಸ್ತಕ ಮುಚ್ಚಿ ಕೇಳುವುದು, ಹೇಳುವುದು, ಬರೆಯುವುದು ಅಷ್ಟೇ. ಬಾರದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮೂರು ದಿನ ಬಿಟ್ಟು ಅವನ್ನೇ ಮತ್ತೆ ಕೇಳಿ.

ಚಿತ್ರಗಳನ್ನು ನೋಡಿ ನಕಲು ಮಾಡಿದರೆ ಪ್ರಯೋಜನವಿಲ್ಲ. ನೋಡದೆ ಬರೆದು, ಆಮೇಲೆ ಪುಸ್ತಕದೊಡನೆ ಹೋಲಿಸಿ ತಿದ್ದಬೇಕು. ಪೆನ್ಸಿಲು, ರಬ್ಬರು, ಹಳೇ ಕ್ಯಾಲೆಂಡರಿನ ಹಿಂಬದಿ ಇದ್ದರೆ ಸಾಕು.

ಐವತ್ತು ನಿಮಿಷ ಓದು, ಹತ್ತು ನಿಮಿಷ ಬಿಡುವು. ಬಿಡುವಿನಲ್ಲಿ ಕರಿದದ್ದು ಬೇಡ, ನಿದ್ದೆ ತರುತ್ತದೆ. ನಾನು ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಒಂದು ತುಂಡು ಬೆಲ್ಲ ಕೊಡುತ್ತಿದ್ದೆ. ಬಿಸಿಲು ಏರಿದ ಮೇಲೆ ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ. ಹುಡುಗಿಯರು ಕತ್ತಲಾಗುವ ಮೊದಲು ಮನೆ ಸೇರುವ ಹಾಗೆ ಹೊತ್ತು ಗೊತ್ತುಮಾಡಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಿಸಬೇಡಿ.

ಕೊನೆಯದಾಗಿ, ಮಕ್ಕಳು ಯಾವ ಪಾಠ ಹಾರಿಸುತ್ತಿದ್ದಾರೆ ಅಂತ ಒಮ್ಮೆ ನೋಡಿ. ಕಷ್ಟವಾಗಿ ಹಾರಿಸಿದರೆ ಅದಕ್ಕೆ ಉಪಾಧ್ಯಾಯರಿದ್ದಾರೆ. ನಮ್ಮ ಎದುರಿಗೆ ನಾಚಿ ಹಾರಿಸಿದರೆ ಆ ನಾಚಿಕೆ ಬಿಡಿಸಬೇಕಾದವರು ನಾವೇ.

ಫಲಿತಾಂಶ ಏನಾಯಿತು ಅಂತ ನೀವು ಕೇಳದೆ ಬಿಡುವುದಿಲ್ಲ! ಜೀವಶಾಸ್ತ್ರದಲ್ಲಿ ನಾಲ್ವರೂ ಪಾಸು. ಹೂವಿನ ಅಂಗಡಿಯವರ ಮಗಳಿಗೆ ಭೌತಶಾಸ್ತ್ರ ಕೈಕೊಟ್ಟಿತು. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತ್ತಲ್ಲ, ಎರಡನೇ ಪರೀಕ್ಷೆ ಬರೆದು ಪಾಸಾದಳು. ಆ ಪರೀಕ್ಷೆಗೂ ಉಳಿದ ಮೂವರು ಬಂದು ಅವಳ ಜೊತೆ ಕೂತು ಪ್ರಶ್ನೆ ಕೇಳಿದರು. ಅದು ನನಗೆ ಅಂಕಗಳಿಗಿಂತ ಹೆಚ್ಚಿನ ಸಂತೋಷ ಕೊಟ್ಟಿತು. ಹಳ್ಳಿಯ ಹುಡುಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಮುಂದೆ ಯಾವುದಾದರೂ ಹೆರಿಗೆ ವಾರ್ಡಿನಲ್ಲಿ ತೊಟ್ಟಿಲ ಪಕ್ಕ ಅಳುತ್ತಾ ಮಲಗಿದ ತಾಯಿಗೆ ಅವಳು ಕಡಲೆ, ಸಾಸಿವೆಯ ಕಥೆ ಹೇಳಿಯೇ ಹೇಳುತ್ತಾಳೆ, ನನಗೆ ನಂಬಿಕೆ ಇದೆ.

ನನ್ನ ಚಿಕ್ಕ ಮಗಳು ಇನ್ನು ಕೆಲವೇ ವರ್ಷದಲ್ಲಿ ಆ ಪಾಠಕ್ಕೆ ಬರುತ್ತಾಳೆ. "ಅವಳ ಗೆಳತಿಯರನ್ನೂ ಇಲ್ಲೇ ಬರಹೇಳು" ಅಂತ ನಮ್ಮತ್ತೆ ಈಗಲೇ ಹೇಳಿದ್ದಾರೆ.